ಕೈ ಕಟ್ಟಿಕೊಂಡು ಕಲಿಸಿದ್ದು

ಅಕ್ಕ ತೀರಿಕೊಂಡು ಒಂದು ತಿಂಗಳಾದ ಮೇಲೆ ಗ್ರಂಥಾಲಯದಿಂದ ಇಬ್ಬರು ಹುಡುಗಿಯರು ಚೆನ್ನೈನ ಮಾಧವರಂನಲ್ಲಿರುವ ನಮ್ಮ ಮನೆಗೆ ಬಂದರು. ನಾನು ನಿವೃತ್ತಳಾದ ಮೇಲೆ ಕೆಲಸಕ್ಕೆ ಸೇರಿದವರು, ನನಗೆ ಮುಖಪರಿಚಯ ಮಾತ್ರ. ಕಾಫಿ ಕುಡಿದರು. ಹೊರಡುವಾಗ ಒಬ್ಬಳು ಚಪ್ಪಲಿ ಮೆಟ್ಟಿಕೊಳ್ಳುತ್ತಲೇ, "ಮೇಡಂ, ಒಂದು ರೀಡರ್ ಇನ್ನೂ ನಿಮ್ಮ ಹೆಸರಲ್ಲೇ ಇದೆ. ಆತುರ ಏನಿಲ್ಲ," ಎಂದಳು.

ರೀಡರ್ ಎಂದರೆ ಪುಸ್ತಕ ಓದುವ ಯಂತ್ರ. ಗ್ರಂಥಾಲಯದ ಸ್ವತ್ತು. ಅಕ್ಕನಿಗೆಂದು ನಾನು ಮನೆಗೆ ತಂದಿದ್ದೆ.

"ಹುಡುಕಿ ಕೊಡ್ತೀನಮ್ಮ," ಎಂದೆ. ಹುಡುಕುವಂಥದ್ದು ಏನೂ ಇರಲಿಲ್ಲ. ಅದು ಅಕ್ಕನ ಮಂಚದ ಪಕ್ಕದ ಗೂಡಿನಲ್ಲಿ, ಅವಳ ಕನ್ನಡಕ, ಮಾತ್ರೆ, ಟವೆಲ್ಲುಗಳ ಜೊತೆ ಇರಬೇಕು. ಆ ಗೂಡಿನ ಬಾಗಿಲನ್ನು ನಾನು ಅಲ್ಲಿಯವರೆಗೆ ತೆಗೆದಿರಲಿಲ್ಲ.

ಇನ್ನೊಬ್ಬಳು ಕೇಳಿದಳು: "ವಯಸ್ಸಾದವ್ರಿಗೆ ಇದನ್ನ ಹೇಗೆ ಮೇಡಂ ಕಲಿಸ್ತಿದ್ರಿ? ನಾವು ಎಷ್ಟು ಹೇಳಿದ್ರೂ ಮಾರನೇ ದಿನ ಮತ್ತೆ ಅದೇ ಪ್ರಶ್ನೆ."

ಬರೆದು ಕೊಡುತ್ತೇನೆ ಎಂದೆ. ಇಬ್ಬರಲ್ಲಿ ಒಬ್ಬಳಿಗೆ ಕನ್ನಡ ಓದಲು ಬರುತ್ತದೆ, ಇನ್ನೊಬ್ಬಳಿಗೆ ಅವಳು ಓದಿ ಹೇಳಲಿ. ನನಗೆ ಬಡ್ತಿ, ಸನ್ಮಾನ ಇಂಥವು ಏನೂ ಸಿಗಲಿಲ್ಲ, ಆದ್ದರಿಂದ ಅದನ್ನೆಲ್ಲ ಬರೆಯುವ ಕಷ್ಟವಿಲ್ಲ. ಕೆಲಸ ಹೇಗಿತ್ತು ಎಂಬುದನ್ನಷ್ಟೇ ಬರೆಯುತ್ತೇನೆ. ಬರೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಎಷ್ಟೋ ಜನ ಅಪರಿಚಿತರಿಗೆ ಆ ಯಂತ್ರದಲ್ಲಿ ಓದುವುದನ್ನು ಕಲಿಸಿದವಳು ನಾನು. ನನ್ನ ಅಕ್ಕ ಅದರಲ್ಲಿ ಒಂದು ಸಾಲನ್ನಾದರೂ ಓದಿದಳೋ ಇಲ್ಲವೋ, ನನಗೆ ಗೊತ್ತಿಲ್ಲ. ಗೂಡು ತೆಗೆದರೆ ಗೊತ್ತಾಗಬಹುದು. ಇದನ್ನು ಬರೆದು ಮುಗಿಸುವ ಹೊತ್ತಿಗೆ ತೆಗೆಯುತ್ತೇನೆ ಎಂದುಕೊಂಡಿದ್ದೇನೆ.

ನಮ್ಮದು ಕೊಳ್ಳೇಗಾಲದ ಕಡೆ. ಅಮ್ಮ ಹೋದಾಗ ನನಗೆ ಆರು ವರ್ಷ. ಅಕ್ಕನಿಗೆ ಆಗಷ್ಟೇ ಮದುವೆಯಾಗಿತ್ತು, ಭಾವ ಮದರಾಸಿನಲ್ಲಿ ರೈಲ್ವೆ ಕೆಲಸದಲ್ಲಿದ್ದರು. ಅಕ್ಕ ತನ್ನ ಪೆಟ್ಟಿಗೆಯ ಜೊತೆ ನನ್ನನ್ನೂ ಕರೆದುಕೊಂಡು ಬಂದಳು. ಸ್ಕೂಲಿನಲ್ಲಿ ತಮಿಳು. ಕನ್ನಡ ಮರೆತುಹೋಗಬಾರದೆಂದು ಸಂಜೆ ಹೊತ್ತು ಅಕ್ಕ ಅಡುಗೆಮನೆಯಲ್ಲಿ ಕೂರಿಸಿಕೊಂಡು ಕ್ಯಾಲೆಂಡರಿನ ಹಾಳೆಯ ಹಿಂದೆ ಅಕ್ಷರ ತಿದ್ದಿಸುತ್ತಿದ್ದಳು. ನನ್ನ ಬೆರಳನ್ನು ತನ್ನ ಮುಷ್ಟಿಯಲ್ಲಿ ಹಿಡಿದು ಅಕ್ಷರದ ಮೇಲೆ ಒತ್ತುವಳು. ತಪ್ಪಿದರೆ ಅದೇ ಬೆರಳಿಗೆ ಸೌಟಿನ ಏಟು. ಹಾಗೆ ಕಲಿತ ಕನ್ನಡದಿಂದಲೇ ನನಗೆ ಈ ಕೆಲಸ ಸಿಕ್ಕಿತು. ತ್ರಿಪ್ಲಿಕೇನಿನ ಆ ಸಣ್ಣ ಗ್ರಂಥಾಲಯದಲ್ಲಿ ಕನ್ನಡದ ಎರಡು ಬೀರುಗಳಿದ್ದವು, ಅವನ್ನು ಓದಬಲ್ಲವರು ಯಾರೂ ಇರಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಅಲ್ಲಿಗೆ ಕಂಪ್ಯೂಟರ್ ಬಂತು. ಅದುವರೆಗೆ ಪುಸ್ತಕಗಳ ಪಟ್ಟಿ ಮರದ ಡ್ರಾಯರುಗಳಲ್ಲಿ, ರಟ್ಟಿನ ಕಾರ್ಡುಗಳಲ್ಲಿ ಇತ್ತು. ಕಂಪ್ಯೂಟರಿಗೆಂದು ಗಾಜಿನ ಕೋಣೆ ಕಟ್ಟಿಸಿ ಏಸಿ ಹಾಕಿಸಿದರು, ಹೊರಗೆ 'ಚಪ್ಪಲಿ ಬಿಟ್ಟು ಬನ್ನಿ' ಎಂದು ಬೋರ್ಡು ನೇತುಹಾಕಿದರು. ಬಂದವರು ದೇವಸ್ಥಾನಕ್ಕೆ ಬಂದ ಹಾಗೆ ಕೈ ಜೋಡಿಸಿ ನಿಲ್ಲುತ್ತಿದ್ದರು. ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. "ನೀವೇ ನೋಡಿ ಹೇಳಿಬಿಡಮ್ಮಾ" ಎನ್ನುವರು. ನಾನೂ ನೋಡಿ ಹೇಳಿಬಿಡುತ್ತಿದ್ದೆ. ಬೇಗ ಆಗುತ್ತಿತ್ತು. ಎರಡು ಬಸ್ಸು ಬದಲಿಸಿ ಬಂದು ಎರಡು ಬಸ್ಸು ಬದಲಿಸಿ ಹೋಗುವವಳಿಗೆ ಬೇಗ ಆಗುವುದೇ ಬೇಕಿತ್ತು.

ನಮ್ಮ ಗ್ರಂಥಪಾಲಕಿ ಗೋಮತಿ ಮೇಡಂ ಇದನ್ನು ಒಂದು ವಾರ ನೋಡಿದರು. ಅವರು ತಮಿಳರು, ತೆಳ್ಳಗಿನ ಹೆಂಗಸು, ಜೋರು ಮಾತಾಡಿದ್ದನ್ನು ನಾನು ಕಂಡಿಲ್ಲ. ಒಂದು ದಿನ ವಯಸ್ಸಾದ ಟೀಚರೊಬ್ಬರಿಗೆ ನಾನು ಪುಸ್ತಕ ಹುಡುಕಿಕೊಡುತ್ತಿದ್ದಾಗ ಹಿಂದೆ ಬಂದು ನಿಂತು, "ಕೈಯೈ ಕಟ್ಟಿಕ್ಕೋಮ್ಮಾ" ಎಂದರು. ಕೈ ಕಟ್ಟಿಕೋ ಎಂದು. ನನಗೆ ಅರ್ಥವಾಗಲಿಲ್ಲ. ಅವರೇ ನನ್ನ ಎರಡೂ ಕೈಗಳನ್ನು ಹಿಡಿದು ಎದೆಯ ಮೇಲೆ ಕಟ್ಟಿಸಿದರು. ಆ ಟೀಚರು ಮೌಸನ್ನು ಒಂದು ಸತ್ತ ಇಲಿಯನ್ನು ಹಿಡಿದಂತೆ ಎರಡು ಬೆರಳಲ್ಲಿ ಹಿಡಿದರು. ಒಂದು ಪುಸ್ತಕ ಹುಡುಕಲು ಇಪ್ಪತ್ತು ನಿಮಿಷ ಹಿಡಿಯಿತು. ನನ್ನ ಕೈ ತುರಿಸುತ್ತಿತ್ತು.

ಅವರು ಹೋದ ಮೇಲೆ ಮೇಡಂ ಹೇಳಿದರು: "ನೀನು ಒತ್ತಿದರೆ ಕಲಿಯುವವಳು ನೀನು. ನಿನಗೆ ಆಗಲೇ ಬರುತ್ತದಲ್ಲ, ಮತ್ತೆ ಯಾಕೆ ಒತ್ತುತ್ತೀಯ?"

ಕೆಲಸದಲ್ಲಿ ನಾನು ಕಲಿತದ್ದು ಇದೊಂದೇ. ಮಿಕ್ಕಿದ್ದೆಲ್ಲ ಯಂತ್ರದ ಜೊತೆ ಬಂತು, ಯಂತ್ರದ ಜೊತೆ ಹೋಯಿತು.

ರೀಡರುಗಳು ಬಂದದ್ದು ಬಹಳ ವರ್ಷಗಳ ನಂತರ. ಬೆಸೆಂಟ್ ನಗರದ ಒಬ್ಬ ಡಾಕ್ಟರು ವಿದೇಶದಿಂದ ತರಿಸಿ ಆರು ಯಂತ್ರಗಳನ್ನು ದಾನ ಕೊಟ್ಟರು. ಕಣ್ಣು ಮಂದವಾದ ಹಿರಿಯರಿಗೆ ಉಪಯೋಗವಾಗಲಿ ಎಂದು ಅವರ ಆಸೆ. ಒಂದು ತೆಳು ನೋಟುಬುಕ್ಕಿನಷ್ಟು ದೊಡ್ಡದು, ಬೂದು ಬಣ್ಣದ ಪರದೆ, ಪಕ್ಕದಲ್ಲಿ ಗುಂಡಿಗಳು. ಇಂಗ್ಲಿಷ್ ಅಕ್ಷರವನ್ನು ಗುಂಡಿ ಒತ್ತಿ ದೊಡ್ಡದು ಮಾಡಬಹುದಿತ್ತು. ಕನ್ನಡ, ತಮಿಳು ಹಾಕಿದರೆ ಸಾಲು ಸಾಲಾಗಿ ಖಾಲಿ ಚೌಕಗಳು ಬಂದವು. ಕಣ್ಣು ಮಂದವಾದ ನಮ್ಮ ಹಿರಿಯರಲ್ಲಿ ಮುಕ್ಕಾಲುಪಾಲು ಜನ ಇಂಗ್ಲಿಷ್ ಓದುವವರಲ್ಲ.

ಕೊನೆಗೆ ನಾವೇ ಒಂದು ಉಪಾಯ ಮಾಡಿದೆವು. ಹಳೆಯ ಪುಸ್ತಕಗಳ ಪುಟಗಳನ್ನು ಸ್ಕ್ಯಾನ್ ಮಾಡಿ, ಚಿತ್ರವಾಗಿ ಯಂತ್ರಕ್ಕೆ ತುಂಬುವುದು. ಇಡೀ ಪುಟ ಹಾಕಿದರೆ ಅಕ್ಷರ ಸಾಸಿವೆಯಾಗುತ್ತಿತ್ತು. ಆದ್ದರಿಂದ ಒಂದೊಂದು ಪುಟವನ್ನೂ ಅಡ್ಡಡ್ಡ ಮೂರು ತುಂಡು ಮಾಡಿ, ಯಂತ್ರವನ್ನು ಅಡ್ಡ ಹಿಡಿದು ಓದುವ ಹಾಗೆ, ಒಂದು ತುಂಡಿಗೆ ಒಂದು ಪರದೆ. ಎಂಟು ಸಾಲು, ಒಂಬತ್ತು ಸಾಲು, ಅಷ್ಟೇ. ಅಕ್ಷರ ಕಡಲೆಕಾಳಿನಷ್ಟು ಬರುತ್ತಿತ್ತು. ಈ ಕತ್ತರಿಸುವ ಕೆಲಸ ಕನ್ನಡದ ಮಟ್ಟಿಗೆ ನನ್ನದು. ಸಾಲಿನ ನಡುವೆ ಗೆರೆ ಬಿದ್ದರೆ ಒತ್ತಕ್ಷರಗಳು ಒಂದು ತುಂಡಿಗೆ, ತಲೆಕಟ್ಟು ಇನ್ನೊಂದು ತುಂಡಿಗೆ ಹೋಗುತ್ತಿದ್ದವು. ಮಧ್ಯಾಹ್ನದ ಊಟದ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಕತ್ತರಿಸುತ್ತಿದ್ದೆ.

ಮೊದಲು ಯಂತ್ರ ಒಯ್ದವರು ಗಾರ್ಡ್ ರಾಯರು. ರೈಲ್ವೆ ಗಾರ್ಡಾಗಿ ನಿವೃತ್ತರಾದವರು, ಧಾರವಾಡದ ಕಡೆಯವರು, ಪಕ್ಕದ ಬೀದಿಯಲ್ಲೇ ಮನೆ. ಮಾರನೆಯ ದಿನ ಬಾಗಿಲು ತೆಗೆಯುವ ಮುಂಚೆಯೇ ಬಂದು ನಿಂತಿದ್ದರು.

"ಏನ್ ಯಂತ್ರ ಕೊಟ್ಟೀಯವ್ವಾ, ಆರವಲ್ದು ಇದು! ಸ್ವಿಚ್ ಒತ್ತಿ ಒತ್ತಿ ಬೆರಳು ನೋಯಾಕ್ಹತ್ಯಾವ. ಅಕ್ಷರ ಹಂಗ ನಿಂತಾವ."

"ಎಲ್ಲಿದೆ ರಾಯರೇ ಯಂತ್ರ?"

"ಬಾಲ್ಕನಿಯೊಳಗ ಸ್ಟೂಲಿನ ಮ್ಯಾಲ ಇಟ್ಟೇನಿ. ಸಿಡಿದರ ಹೊರಗ ಸಿಡೀಲಿ ಅಂತ. ನಮ್ಮಾಕೀನ್ನ ಅತ್ಲಾಗ ಹೋಗಬ್ಯಾಡ ಅಂದೇನಿ."

ನಾನು ಅವರ ಮನೆಗೆ ಹೋದೆ. ಸ್ಟೂಲಿನ ಸುತ್ತ ನೀರಿನ ಎರಡು ಬಕೆಟ್ ಇಟ್ಟಿದ್ದರು. ಇದರ ಪರದೆ ಟಿವಿಯ ಹಾಗಲ್ಲ, ಒಳಗೆ ಮಸಿ ಇದ್ದ ಹಾಗೆ, ಪುಟ ತಿರುಗಿಸುವಾಗ ಮಾತ್ರ ಕರೆಂಟು ಬೇಕು, ಆಮೇಲೆ ಆರಿಸಿದರೂ, ಬ್ಯಾಟರಿ ಪೂರ್ತಿ ಸತ್ತರೂ ಕೊನೆಯ ಪುಟ ಹಾಗೇ ನಿಂತಿರುತ್ತದೆ ಎಂದು ವಿವರಿಸಿದೆ. ರಾಯರು ಅದನ್ನು ತಿರುವಿ ಮುರುವಿ ನೋಡಿದರು.

"ಸತ್ತ ಮ್ಯಾಲೂ ನಿಂತಿರ್ತದ? ಹಂಗಾದ್ರ ನಮಗಿಂತ ಚಲೋ ಬಿಡವ್ವಾ."

ಅವರ ವಿಷಯದಲ್ಲಿ ನಾನು ಮಾಡಿದ ದೊಡ್ಡ ತಪ್ಪೊಂದಿದೆ. ಒಂದು ಕಾದಂಬರಿಯನ್ನು ಕತ್ತರಿಸುವಾಗ ತುಂಡುಗಳ ಕ್ರಮ ತಪ್ಪಿತ್ತು. ಪ್ರತಿ ಪುಟದಲ್ಲೂ ಮೊದಲನೆಯದಾದ ಮೇಲೆ ಮೂರನೆಯದು, ಆಮೇಲೆ ಎರಡನೆಯದು. ಇನ್ನೂರು ಪುಟ ಪೂರ್ತಿ ಹಾಗೇ. ರಾಯರು ಅದನ್ನು ಮೂರು ವಾರ ಇಟ್ಟುಕೊಂಡು ವಾಪಸ್ ತಂದರು. ಇನ್ನೊಬ್ಬರಿಗೆ ಕೊಡುವ ಮುನ್ನ ನೋಡಿದಾಗಲೇ ನನಗೆ ತಪ್ಪು ಗೊತ್ತಾಯಿತು.

"ರಾಯರೇ, ಪೂರ್ತಿ ಓದಿದ್ರಾ?"

"ಓದಿದ್ನಲ್ಲ. ಒಂದು ಅಕ್ಷರ ಬಿಟ್ಟಿಲ್ಲ."

"ಕತೆ ಅರ್ಥ ಆಯ್ತಾ?"

"ಮೊದಮೊದಲು ಸ್ವಲ್ಪ ತ್ರಾಸಾತು. ಉತ್ತರ ಮೊದಲ ಬರ್ತದ, ಪ್ರಶ್ನಾ ಆಮ್ಯಾಲೆ ಬರ್ತದ. ಈಗಿನವರು ಹಿಂಗ ಬರೀತಾರೇನೋ ಅನ್ಕೊಂಡೆ. ಅಡ್ಡಿಯಿಲ್ಲ, ಚಲೋ ಐತಿ."

ಮೇಡಂಗೆ ಹೇಳಿದೆ. ಅವರು ನಗುವುದನ್ನು ಅವತ್ತು ಮೊದಲ ಸಲ ಕಂಡೆ. ಆಮೇಲೆ ಗಂಭೀರವಾಗಿ ಹೇಳಿದರು, "ನೋಡು, ಯಂತ್ರ ತಪ್ಪು ಮಾಡಿದರೆ ಅವರು ತಮ್ಮದೇ ತಪ್ಪು ಎಂದುಕೊಳ್ಳುತ್ತಾರೆ. ಕೇಳಲು ಅವರಿಗೆ ನಾಚಿಕೆ." ಅಂದಿನಿಂದ ಪ್ರತಿ ತುಂಡಿನ ಮೂಲೆಯಲ್ಲೂ ಪುಟದ ಸಂಖ್ಯೆ, ಅದರ ಪಕ್ಕ ಒಂದು, ಎರಡು, ಮೂರು ಎಂದು ಹಾಕತೊಡಗಿದೆ. ನೀವೂ ಹಾಕಿ.

ಮತ್ತೆ ಎಂಜಲಿನ ವಿಷಯ. ಪುಟ ತಿರುಗಿಸುವಾಗ ಬೆರಳನ್ನು ನಾಲಿಗೆಗೆ ಮುಟ್ಟಿಸಿಕೊಳ್ಳುವುದು ನಮ್ಮ ಹಿರಿಯರ ಅಭ್ಯಾಸ. ಗುಂಡಿ ಒತ್ತುವಾಗಲೂ ಹಾಗೇ ಮಾಡುತ್ತಿದ್ದರು. ಬೇಡ ಎಂದರೆ ಓದುವ ಲಯವೇ ತಪ್ಪುತ್ತಿತ್ತು. ನಾವು ಹೇಳುವುದು ಬಿಟ್ಟೆವು. ಯಂತ್ರ ವಾಪಸ್ ಬಂದಾಗ ಬಟ್ಟೆಯಿಂದ ಒರೆಸಿಡುತ್ತಿದ್ದೆವು.

ಆರು ಯಂತ್ರಗಳಲ್ಲಿ ಒಂದು ಸರಸ್ವತಿ ಪೂಜೆಯಲ್ಲಿ ಹೋಯಿತು. ಪುಸ್ತಕಗಳ ಜೊತೆ ಅವನ್ನೂ ದೇವರ ಮುಂದೆ ಇಟ್ಟಿದ್ದೆವು. ಎಲ್ಲರಿಗೂ ಕೈ ಕಟ್ಟಿಸಿದ ಗೋಮತಿ ಮೇಡಂ ಅವತ್ತು ತಮ್ಮ ಕೈಯಾರೆ ಒಂದರ ಪರದೆಯ ಮೇಲೆ ಗಂಧ ಕಲಸಿ ಮೂರು ಬೆರಳು ಎಳೆದು ಕುಂಕುಮ ಇಟ್ಟರು. ಅಂಚಿನಿಂದ ನೀರು ಒಳಗಿಳಿಯಿತು. ಮಾರನೆಯ ದಿನ ಅದು ಅರ್ಧ ಪುಟ ಮಾತ್ರ ತೋರಿಸಿತು. ಮೇಡಂ ರಿಜಿಸ್ಟರಿನಲ್ಲಿ 'ಪೂಜೆಯಲ್ಲಿ ಕೆಟ್ಟಿತು, ನನ್ನಿಂದ' ಎಂದು ಬರೆದು ಸಹಿ ಹಾಕಿದರು. ತಪ್ಪನ್ನು ಹಾಗೆ ಬರೆದ ಇನ್ನೊಬ್ಬ ಮೇಲಧಿಕಾರಿಯನ್ನು ನಾನು ನೋಡಿಲ್ಲ.

ಇಷ್ಟು ಹೊತ್ತು ಅಕ್ಕನ ವಿಷಯ ಬರೆಯದೆ ಸುತ್ತಾಡಿದೆ. ಇನ್ನು ಬರೆಯಬೇಕು.

ಭಾವ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ನಾನು ವಾರಕ್ಕೆರಡು ಕನ್ನಡ ಪುಸ್ತಕ ತರುತ್ತಿದ್ದೆ. ಅಕ್ಕ ಓದಿದಲ್ಲಿಗೆ ಗುರುತಾಗಿ ನನ್ನ ಬಸ್ ಟಿಕೆಟ್ಟುಗಳನ್ನು ಇಡುತ್ತಿದ್ದಳು. ಸಂಜೆ ನಾನು ಬಂದು ಬ್ಯಾಗು ಇಡುತ್ತಿದ್ದ ಹಾಗೆ, "ಟಿಕೆಟ್ ಎಲ್ಲೇ?" ಎಂದು ಕೈ ಚಾಚುವಳು. ಒಂದು ಸಲ ಗಮನಿಸಿದೆ, ಒಂದು ತಿಂಗಳಿಂದ ಅದೇ ಟಿಕೆಟ್ಟು ಅದೇ ಪುಟದಲ್ಲಿದೆ. ಅಕ್ಕ ಮಾತ್ರ ದಿನವೂ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹತ್ತಿರ ಕೂರುತ್ತಿದ್ದಾಳೆ.

"ಕಣ್ಣು ಕಾಣಲ್ವಾ ಅಕ್ಕಾ?"

"ಕಾಣ್ದೆ ಏನ್ ಡೀ? ನಿಧಾನವಾಗಿ ಓದ್ತಿದೀನಿ. ನಿನ್ ಥರ ಬಸ್ ಹಿಡಿಯೋ ಅವಸರ ನಂಗಿಲ್ಲ."

ಕಣ್ಣಿನ ಡಾಕ್ಟರು ನೋಡಿ ಹೇಳಿದರು, ಎರಡೂ ಕಣ್ಣಿನ ನಡುಭಾಗ ಹೋಗಿದೆ, ಅಂಚು ಉಳಿದಿದೆ, ದೊಡ್ಡ ಅಕ್ಷರವಾದರೆ ಓರೆಯಾಗಿ ನೋಡಿ ಓದಬಹುದು. ಬಸ್ಸಿನಲ್ಲಿ ಬರುವಾಗ ಅಕ್ಕ ಅಂಗಡಿಗಳ ಬೋರ್ಡುಗಳನ್ನು ಮುಖ ಓರೆ ಮಾಡಿ ಒಂದೊಂದಾಗಿ ಓದಲು ನೋಡುತ್ತಿದ್ದಳು. ಇನ್ನು ಓದುವುದಕ್ಕಾಗದು ಎಂಬುದೊಂದೇ ಅವಳಿಗೆ ಭಯ. ಮಿಕ್ಕ ಯಾವುದಕ್ಕೂ ಹೆದರಿದವಳಲ್ಲ.

ಆ ಹೊತ್ತಿಗೆ ಗ್ರಂಥಾಲಯದಲ್ಲಿ ಯಂತ್ರಗಳ ಮೇಲಿನ ಉತ್ಸಾಹ ಇಳಿದಿತ್ತು. ಎರಡು ಮೂರು ಬೀರುವಿನಲ್ಲೇ ಇರುತ್ತಿದ್ದವು. ನಾನು ಕೇಳಿದ ತಕ್ಷಣ ಮೇಡಂ ಒಂದನ್ನು ನನ್ನ ಹೆಸರಿಗೆ ಬರೆದುಕೊಟ್ಟರು. ಅಕ್ಕ ತನ್ನ ಪ್ರಾಯದಲ್ಲಿ ಎರಡು ಸಲ ಓದಿ ಅತ್ತಿದ್ದ ಒಂದು ಹಳೆಯ ಕಾದಂಬರಿ ಕನ್ನಡದ ಬೀರುವಿನಲ್ಲಿತ್ತು. ಅದನ್ನು ಎರಡು ತಿಂಗಳು ಕೂತು ಕತ್ತರಿಸಿದೆ. ಪ್ರತಿ ತುಂಡಿಗೂ ಸಂಖ್ಯೆ ಹಾಕಿದೆ. ಅಷ್ಟು ಎಚ್ಚರದಿಂದ ನಾನು ಬೇರೆ ಯಾವುದನ್ನೂ ಕತ್ತರಿಸಿರಲಿಲ್ಲ.

ಮನೆಗೆ ತಂದ ಸಂಜೆ ದಾರಿಯಲ್ಲಿ ಬಸ್ಸು ಕೆಟ್ಟು ಅರ್ಧ ದಾರಿ ನಿಂತೇ ಬಂದಿದ್ದೆ. ಬಂದ ತಕ್ಷಣ ಅಕ್ಕನ ಕೈಗೆ ಯಂತ್ರ ಕೊಟ್ಟು ಪಕ್ಕದಲ್ಲಿ ಕೂತೆ. ಅಕ್ಕ ಅದನ್ನು ಮೂಸಿ ನೋಡಿದಳು.

"ಎಲ್ಲಿ ಒತ್ಬೇಕೇ?"

"ಬಲಗಡೆ ಗುಂಡಿ."

ಅವಳ ಬೆರಳು ಅಂಚಿನ ಮೇಲೆ ತಡಕಾಡಿ ಬೇರೆ ಗುಂಡಿಯನ್ನು ಒತ್ತಿತು. ಪುಸ್ತಕಗಳ ಪಟ್ಟಿ ಬಂತು. ಮತ್ತೆ ಒತ್ತಿದಳು, ಮೊದಲಿಗೆ ಹೋಯಿತು. ಗುಂಡಿಗಳೆಲ್ಲ ಒಂದೇ ನುಣುಪು, ಒಂದೇ ಬೂದು ಬಣ್ಣ. ಗ್ರಂಥಾಲಯದಲ್ಲಾಗಿದ್ದರೆ ಎದೆಯ ಮೇಲೆ ಕೈ ಕಟ್ಟಿ ಅರ್ಧ ಗಂಟೆ ನಿಲ್ಲುತ್ತಿದ್ದೆ. ಅವತ್ತು ಕಾಲು ಸೋತಿತ್ತು. "ಅಲ್ಲಲ್ಲ ಅಕ್ಕಾ, ಇಲ್ಲಿ, ಇಲ್ಲಿ!" ಎಂದು ಅವಳ ಬೆರಳನ್ನು ಹಿಡಿದು ಗುಂಡಿಯ ಮೇಲೆ ಒತ್ತಿದೆ. ಜೋರಾಗಿಯೇ ಒತ್ತಿದೆ.

ಅಕ್ಕ ಬೆರಳನ್ನು ಎಳೆದುಕೊಂಡಳು. ಸ್ವಲ್ಪ ಹೊತ್ತು ಅದನ್ನೇ ನೋಡಿಕೊಂಡಳು. ಆಮೇಲೆ ಯಂತ್ರವನ್ನು ನನ್ನ ಮಡಿಲಲ್ಲಿಟ್ಟು, "ನಿಂಗೆ ಬರುತ್ತಲ್ಲ, ನೀನೇ ಓದ್ಕೋ," ಎಂದು ಒಳಗೆ ಹೋದಳು.

ಕ್ಷಮಿಸು ಎಂದು ನಾನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಆ ಮಾತಿನ ರೂಢಿ ಇರಲಿಲ್ಲ. ಪುಸ್ತಕದ ಮೊದಲ ತುಂಡು ತೆರೆದಿಟ್ಟು, ಯಂತ್ರವನ್ನು ಕಿಟಕಿಯ ಹತ್ತಿರ ಅವಳ ಜಾಗದಲ್ಲಿ ಇಟ್ಟೆ. ಭಾನುವಾರಗಳಂದು ಮಾತ್ರ ಪರದೆಯ ಕಡೆ ನೋಡದೆ ಚಾರ್ಜಿಗೆ ಹಾಕುತ್ತಿದ್ದೆ. ನೋಡಿದರೆ ಪರೀಕ್ಷೆ ಮಾಡಿದ ಹಾಗಾಗುತ್ತದೆ ಎಂದು ಭಯ. "ಓದ್ಕೊಡ್ಲಾ ಅಕ್ಕಾ?" ಎಂದು ಒಂದೆರಡು ಸಲ ಕೇಳಿದೆ. "ನಾನೇನ್ ಕೂಸಾ?" ಎಂದಳು. ಮತ್ತೊಮ್ಮೆ, "ನಿನ್ ಸ್ಲೇಟು ಎತ್ತಿಡೇ, ಧೂಳು ಕೂರುತ್ತೆ," ಎಂದಳು. ಮುಟ್ಟಿಲ್ಲ ಎಂದುಕೊಂಡೆ. ನಾನು ನಿವೃತ್ತಳಾದ ಮೇಲೂ ಯಂತ್ರವನ್ನು ವಾಪಸ್ ಕೊಡಲಿಲ್ಲ, ಯಾರೂ ಕೇಳಲೂ ಇಲ್ಲ.

ಇನ್ನೊಂದು ಸಣ್ಣ ವಿಷಯ ಇಲ್ಲಿ ಬರೆಯಬೇಕು. ಒಂದು ಬೆಳಿಗ್ಗೆ ನಾನು ಕನ್ನಡಿಯ ಮುಂದೆ ನಿಂತಿದ್ದಾಗ ಅಕ್ಕ ಬಂದು, "ಒಂದು ಬೊಟ್ಟು ಕೊಡೇ," ಎಂದಳು. ನಾನು ಇಟ್ಟುಕೊಳ್ಳುವ ಸ್ಟಿಕ್ಕರ್ ಬೊಟ್ಟು. ಭಾವ ಹೋದ ಮೇಲೆ ಅಕ್ಕ ಬೊಟ್ಟು ಇಟ್ಟುಕೊಂಡವಳಲ್ಲ. ಯಾಕೆ ಎಂದು ನಾನು ಕೇಳಲಿಲ್ಲ. ಹಿಂದಿನ ರಾತ್ರಿ ನಿದ್ದೆ ಇರಲಿಲ್ಲ, ಮಾತು ಬೆಳೆಸುವ ತ್ರಾಣವೂ ಇರಲಿಲ್ಲ. ಪಕ್ಕದ ಮನೆಯ ಮಗುವಿಗಿರಬೇಕು ಎಂದುಕೊಂಡು ಪ್ಯಾಕೆಟ್ಟಿನಿಂದ ಒಂದನ್ನು ಕಿತ್ತು ಅವಳ ಬೆರಳ ತುದಿಗೆ ಅಂಟಿಸಿದೆ. "ಸ್ವಲ್ಪ ದಪ್ಪಂದು ಇಲ್ವಾ?" ಎಂದಳು. ಇನ್ನೊಂದು ಕೊಟ್ಟೆ.

ಅಕ್ಕ ಆಸ್ಪತ್ರೆಯಲ್ಲಿ ಇದ್ದದ್ದು ಎರಡೇ ದಿನ. ಅದರ ವಿಷಯ ಬರೆಯುವುದಿಲ್ಲ.

ಇಷ್ಟು ಬರೆದು, ಇವತ್ತು ಮಧ್ಯಾಹ್ನ ಊಟವಾದ ಮೇಲೆ ಗೂಡಿನ ಬಾಗಿಲು ತೆಗೆದೆ. ಟವೆಲ್ಲಿನಲ್ಲಿ ಸುತ್ತಿ ಇಟ್ಟಿದ್ದಳು. ಬ್ಯಾಟರಿ ಯಾವಾಗಲೋ ಸತ್ತಿದೆ. ಪರದೆಯ ಮೇಲೆ ಎಂಟು ಸಾಲು ನಿಂತಿವೆ. ಮೂಲೆಯಲ್ಲಿ ನಾನು ಹಾಕಿದ ಸಂಖ್ಯೆ: ನೂರ ಮೂವತ್ತೊಂದು, ಎರಡನೆಯ ತುಂಡು.

ಒಂದರಿಂದ ನೂರ ಮೂವತ್ತೊಂದರವರೆಗೆ ಪುಟಕ್ಕೆ ಮೂರು ಸಲದಂತೆ ಅವಳು ಎಷ್ಟು ಸಲ ಒತ್ತಿರಬೇಕು, ಲೆಕ್ಕ ಹಾಕಲು ಮನಸ್ಸಾಗಲಿಲ್ಲ. ಆಮೇಲೆ ಬಲಗಡೆಯ ಅಂಚನ್ನು ಬೆರಳಿನಿಂದ ಸವರಿದಾಗ ಉಬ್ಬಾಗಿ ಏನೋ ಸಿಕ್ಕಿತು. ನನ್ನ ಮರೂನ್ ಬೊಟ್ಟು. ದಪ್ಪನೆಯದು. ಮುಂದಿನ ಪುಟಕ್ಕೆ ಹೋಗುವ ಗುಂಡಿಯ ಮೇಲೆ ನೇರಕ್ಕೆ ಅಂಟಿಸಿದ್ದಳು. ಮಖಮಲ್ಲು ಸವೆದು ನಡುವೆ ಬಿಳುಪಾಗಿದೆ. ಬೇರೆ ಯಾವ ಗುಂಡಿಯ ಮೇಲೂ ಏನೂ ಇಲ್ಲ.

ಇದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಯಂತ್ರ ದಾನ ಕೊಟ್ಟ ಡಾಕ್ಟರಿಗೆ, ಗೋಮತಿ ಮೇಡಂಗೆ, ಇಷ್ಟು ವರ್ಷ ಇದೇ ಕೆಲಸ ಮಾಡಿದ ನನಗೆ, ಯಾರಿಗೂ ಹೊಳೆದಿರಲಿಲ್ಲ. ನಾನು ಕೈ ಹಾಕದೆ ಬಿಟ್ಟ ತಿಂಗಳುಗಳಲ್ಲಿ ಅವಳೇ ಕಂಡುಕೊಂಡಳು. ನನಗೆ ಹೇಳಲೂ ಇಲ್ಲ. ಪುಸ್ತಕ ಮುಗಿದ ಮೇಲೆ ಹೇಳೋಣ ಎಂದಿದ್ದಳೋ ಏನೋ. ಇನ್ನು ನಲವತ್ತು ಪುಟ ಬಾಕಿ ಇತ್ತು.

ಸೋಮವಾರ ನಾನೇ ಬಂದು ಯಂತ್ರವನ್ನು ಕೊಡುತ್ತೇನೆ. ಚಾರ್ಜಿಗೆ ನಾನು ಹಾಕಿಲ್ಲ, ಅದನ್ನು ನೀವು ಹಾಕಿಕೊಳ್ಳಿ. ಹಾಕಿದ ಮೇಲೆ ಪರದೆಯ ಮೇಲಿನ ಪುಟ ಹೋದರೆ ಹೋಗಲಿ, ನಾನು ಓದಿಕೊಂಡಿದ್ದೇನೆ. ಬೊಟ್ಟನ್ನು ಮಾತ್ರ ಕೀಳಬೇಡಿ. ಒರೆಸುವಾಗ ಸುತ್ತಮುತ್ತ ಒರೆಸಿ. ಮಿಕ್ಕ ನಾಲ್ಕಕ್ಕೂ ಅಂಟಿಸಲು ಒಂದು ಪ್ಯಾಕೆಟ್ ಬೊಟ್ಟು ತರುತ್ತೇನೆ, ದಪ್ಪನೆಯದೇ ತರುತ್ತೇನೆ. ಕೈಗೆ ಯಂತ್ರ ಕೊಟ್ಟು, ಬಲಗಡೆ ಒಂದು ಬೊಟ್ಟಿದೆ ಎಂದಷ್ಟೇ ಹೇಳಿ. ಆಮೇಲೆ ಕೈ ಕಟ್ಟಿಕೊಂಡು ನಿಲ್ಲಿ.